ಮುಚ್ಚಳದ ಒಳಗಿನ ಕುಂಕುಮ

"ಅಯ್ಯಯ್ಯೋ! ಕೈ ತಗೀರಿ ಮೇಡಮ್ಮ! ಒದ್ದೆ ಚಮ್ಚ ಅದು!"

ಕೂಗಿದ ರಭಸಕ್ಕೆ ನನ್ನ ಕೈಯಲ್ಲಿದ್ದ ಚಮಚ ತಟ್ಟೆಗೆ ಬಿತ್ತು. ಮದ್ದೂರಿನ ಆ ಮನೆಗೆ ನಾನು ಭಾನುವಾರದ ಊಟಕ್ಕೆ ಹೋದ ಅತಿಥಿ. ಆಗಷ್ಟೇ ತೊಳೆದ ಚಮಚವನ್ನು ಹೇರಳೆಕಾಯಿ ಉಪ್ಪಿನಕಾಯಿಯ ಜಾಡಿಗೆ ಇಳಿಸಲು ಹೊರಟಿದ್ದೆ, ಅಷ್ಟೇ ನನ್ನ ಅಪರಾಧ. ಮನೆಯ ಹಿರಿಯರಾದ ಚಿಕ್ಕತಾಯಮ್ಮ ಎದ್ದು ಬಂದು ಜಾಡಿಯನ್ನೇ ಕಿತ್ತುಕೊಂಡರು. (ನನ್ನ ವಯಸ್ಸು, ನನ್ನ ಡಿಗ್ರಿ, ಕಾಲೇಜಿನಲ್ಲಿ ಹುಡುಗರಿಗೆ ನನ್ನ ಮೇಲಿರುವ ಭಯ, ಯಾವುದೂ ಅಲ್ಲಿ ಕೆಲಸಕ್ಕೆ ಬರಲಿಲ್ಲ.)

"ಒಂದ್ ತೊಟ್ಟು ನೀರ್ ಬಿದ್ರೆ ಇಡೀ ಜಾಡಿ ಬೂಸ್ಟು ಇಡೀತದೆ. ಆಮ್ಯಾಕೆ ತಲೆ ಕೆಳ್ಗಾಗಿ ನಿಂತ್ರೂ ಸರಿ ಓಗಾಕಿಲ್ಲ, ತಿಳ್ಕಳಿ."

ತಿಳಿದುಕೊಂಡೆ. ಆದರೆ ಸ್ವಲ್ಪ ಹೊತ್ತಿಗೇ ಅದೇ ಚಿಕ್ಕತಾಯಮ್ಮನ ಬಾಯಿಂದ ಇನ್ನೊಂದು ಮಾತು ಬಂತು ನೋಡಿ, ನಾನು ಬಾಯಲ್ಲಿದ್ದ ತುತ್ತು ನುಂಗುವುದನ್ನೇ ಮರೆತೆ. ಆ ಮಾತು ಏನು ಅಂತ ಹೇಳಬೇಕಾದರೆ ಮೊದಲು ಒಂದು ಸೀಸೆಯ ಕತೆ ಹೇಳಬೇಕು.

ಸವಿತಾ ನಮ್ಮ ಕಾಲೇಜಿನ ಕೆಮಿಸ್ಟ್ರಿ ಮೇಡಂ. ನಾನು ಕನ್ನಡದವಳು. ಮಂಡ್ಯದ ನಮ್ಮ ಕಾಲೇಜಿನ ಸ್ಟಾಫ್‌ರೂಮಿನಲ್ಲಿ ನಮ್ಮಿಬ್ಬರ ಕುರ್ಚಿ ಅಕ್ಕಪಕ್ಕ. ಆಕೆ ದಿನಾ ಮದ್ದೂರಿನಿಂದ ರೈಲಿನಲ್ಲಿ ಬಂದು, ಪಾಠ ಮಾಡಿ, ಉಳಿದ ಹೊತ್ತಿನಲ್ಲಿ ಕಾಲೇಜಿನ ಲ್ಯಾಬಿನಲ್ಲೇ ಪಿಎಚ್.ಡಿ. ಕೆಲಸ ಮಾಡುತ್ತಾಳೆ. ಚಿಕ್ಕತಾಯಮ್ಮ ಆಕೆಯ ಅತ್ತೆ. ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯವರು. ಮೊಮ್ಮಗಳು ಹುಟ್ಟಿದಾಗ ಬಾಣಂತನಕ್ಕೆ ಅಂತ ಮದ್ದೂರಿಗೆ ಬಂದವರು ವಾಪಸ್ ಹೋಗಲೇ ಇಲ್ಲ. "ನೀನ್ ಓದವ್ವ, ಮಗೀನ ನಾನ್ ನೋಡ್ಕತೀನಿ" ಅಂದರಂತೆ. ಹಾಗೆ ಹೇಳುವ ಅತ್ತೆ ಎಷ್ಟು ಜನಕ್ಕೆ ಸಿಗುತ್ತಾರೆ? (ನನಗೆ ಸಿಕ್ಕಿರಲಿಲ್ಲ. ಆ ವಿಷಯ ಇಲ್ಲಿ ಬೇಡ.)

ಈಗ ಸೀಸೆಗೆ ಬರೋಣ. ಹೆಬ್ಬೆರಳಿನಷ್ಟು ಗಾತ್ರದ ಕಂದು ಗಾಜಿನ ಸೀಸೆ. ಒಳಗೆ ಬಿಳಿ ಪುಡಿ. ಹೆಸರು ಇ.ಡಿ.ಟಿ.ಎ. ಡೈಅನ್‌ಹೈಡ್ರೈಡ್. ನಾಲಿಗೆ ತೊಡರಿತಾ? ನನಗೂ ಹಾಗೇ ಆಗಿತ್ತು. ಅದೇನು ಅಂತ ಸವಿತಾ ನನಗೆ ಚಹಾದ ಹೊತ್ತಿನಲ್ಲಿ ಪಾಠ ಮಾಡಿದ್ದಳು. ಗದ್ದೆಯ ಏಡಿ ಗೊತ್ತಲ್ಲ? ಅದು ಕೊಂಡಿಯಲ್ಲಿ ಬೆರಳು ಹಿಡಿದರೆ ಬಿಡುವುದಿಲ್ಲ. ಈ ಪುಡಿಯೂ ಹಾಗೆ, ನೀರಿನಲ್ಲಿರುವ ತಾಮ್ರ, ಸೀಸದಂಥ ಲೋಹಗಳನ್ನು ಹಿಡಿದರೆ ಬಿಡುವುದಿಲ್ಲವಂತೆ. ಆಲೆಮನೆಯಲ್ಲಿ ಕಬ್ಬು ಅರೆದ ಮೇಲೆ ಸಿಪ್ಪೆ ಉಳಿಯುತ್ತದಲ್ಲ, ಆ ಸಿಪ್ಪೆಗೆ ಈ ಪುಡಿಯನ್ನು ಅಂಟಿಸಿದರೆ ಸಿಪ್ಪೆಗೇ ಕೊಂಡಿ ಬಂದ ಹಾಗೆ. ಕೊಳಕು ನೀರಿಗೆ ಹಾಕಿದರೆ ಲೋಹವನ್ನೆಲ್ಲ ಹಿಡಿದುಕೊಂಡು ಕೂರುತ್ತದೆ. ಮಂಡ್ಯದಲ್ಲಿ ಕಬ್ಬಿನ ಸಿಪ್ಪೆಗೆ ಬರವೇ? ಐಡಿಯಾ ಕೇಳಿ ನನಗಂತೂ ಬಹಳ ಖುಷಿಯಾಗಿತ್ತು.

ಆದರೆ ಪುಡಿಗೆ ಒಂದು ಶರತ್ತು ಇದೆ. ನೀರು ತಾಕಬಾರದು. ತಯಾರಿಸುವಾಗ ಅದರೊಳಗಿನ ನೀರಿನಂಶವನ್ನು ಹಿಂಡಿ ತೆಗೆದಿರುತ್ತಾರಂತೆ, ಸಿಪ್ಪೆಗೆ ಅಂಟುವ ಶಕ್ತಿ ಬರುವುದೇ ಅದರಿಂದ. ಮುಚ್ಚಳ ತೆರೆದಿಟ್ಟರೆ ಗಾಳಿಯ ತೇವವನ್ನೇ ಕುಡಿದು ಮಾಮೂಲಿ ಪುಡಿಯಾಗಿಬಿಡುತ್ತದೆ. ಬಣ್ಣ ಬದಲಾಗುವುದಿಲ್ಲ. ವಾಸನೆ ಬರುವುದಿಲ್ಲ. ಬಿಳಿ ಪುಡಿ ಬಿಳಿ ಪುಡಿಯಾಗಿಯೇ ಇರುತ್ತದೆ. ಉಪ್ಪಿನಕಾಯಿಯಾದರೂ ಕೆಟ್ಟರೆ ಬೂಸ್ಟು ತೋರಿಸುತ್ತದೆ. ಇದು ಅದನ್ನೂ ತೋರಿಸುವುದಿಲ್ಲ!

ಅದಕ್ಕೇ ಸವಿತಾ ಸೀಸೆಯನ್ನು ಡೆಸಿಕೇಟರ್ ಅನ್ನುವ ದಪ್ಪ ಗಾಜಿನ ಪಾತ್ರೆಯೊಳಗೆ, ತೇವ ಹೀರುವ ಹರಳುಗಳ ಮೇಲೆ ಕೂರಿಸಿದ್ದಳು. ಆ ಹರಳು ಒಣಗಿದ್ದಾಗ ನೀಲಿ, ತೇವ ಕುಡಿದರೆ ಗುಲಾಬಿ. ಗುಲಾಬಿಯಾದರೆ ಲ್ಯಾಬ್ ಅಟೆಂಡರ್ ನಂಜಪ್ಪ ಅದನ್ನು ಓವನ್ನಿಗೆ ಹಾಕಿ ಕಡಲೆಕಾಯಿ ಹುರಿದ ಹಾಗೆ ಹುರಿದು ಮತ್ತೆ ನೀಲಿ ಮಾಡಿ ಕೊಡುತ್ತಿದ್ದ. ಮಗುವನ್ನು ಸಾಕಿದ ಹಾಗೆ ಸಾಕಿದ್ದರು ಆ ಸೀಸೆಯನ್ನು. ಯಾಕೆಂದರೆ ಸವಿತಾಗೆ ಯೂನಿವರ್ಸಿಟಿ ಕೊಟ್ಟಿದ್ದ ಕೊನೆಯ ಗಡುವು ಈ ಡಿಸೆಂಬರ್. ಅಷ್ಟರೊಳಗೆ ಥೀಸಿಸ್ ಕೊಡದಿದ್ದರೆ ರಿಜಿಸ್ಟ್ರೇಶನ್ನೇ ರದ್ದು. ಉಳಿದಿದ್ದದ್ದು ಒಂದೇ ಪ್ರಯೋಗ.

ದಸರಾ ರಜೆ ಮುಗಿಸಿ ಬಂದವಳು ಪ್ರಯೋಗ ಶುರು ಮಾಡಿದಳು. ಸಿಪ್ಪೆಗೆ ಪುಡಿ ಸೇರಿಸಿ, ಬಿಸಿ ಮಾಡಿ, ತೊಳೆದು, ಒಣಗಿಸಿ, ಮೈಲುತುತ್ತ ಕರಗಿಸಿದ ನೀಲಿ ನೀರಿಗೆ ಹಾಕಬೇಕು. ಕೊಂಡಿ ಬಂದಿದ್ದರೆ ಸಿಪ್ಪೆ ತಾಮ್ರವನ್ನು ಹಿಡಿಯುತ್ತದೆ, ನೀರಿನ ನೀಲಿ ಹೋಗುತ್ತದೆ.

ಹೋಗಲಿಲ್ಲ.

ಮತ್ತೆ ಮಾಡಿದಳು. ನೀರು ನೀಲಿಯೇ. ಇನ್ನೊಮ್ಮೆ ಮಾಡಿದಳು. ಆಗಲೂ ಅಷ್ಟೆ. ಒಂದು ಮಧ್ಯಾಹ್ನ ಸ್ಟಾಫ್‌ರೂಮಿಗೆ ಬಂದು, ಬ್ಯಾಗನ್ನು ಮೇಜಿನ ಮೇಲೆ ಎಸೆದು, "ಅಕ್ಕ, ನನ್ನ ಕೈ ಚೆನ್ನಾಗಿಲ್ಲ. ಇದು ನನ್ನಿಂದ ಆಗೋ ಕೆಲ್ಸ ಅಲ್ಲ. ಬಿಟ್ಟುಬಿಡ್ತೀನಿ" ಅಂದಳು. ನಾನು ದಂಗಾದೆ. ಹೆರಿಗೆಯಾಗಿ ಮೂರೇ ತಿಂಗಳಿಗೆ ಲ್ಯಾಬಿಗೆ ಬಂದವಳು, ರೈಲು ತಪ್ಪಿದರೆ ಬಸ್ಸಿನಲ್ಲಿ ನಿಂತುಕೊಂಡೇ ಥೀಸಿಸ್ ತಿದ್ದಿದವಳು, ಈಗ ದಡ ಕಾಣಿಸುವಾಗ ಬಿಡುತ್ತೀನಿ ಅಂದರೆ?

"ಕೈಯನ್ನ ಬೈಕೋಬೇಡ. ಮೊದಲು ಆ ಸೀಸೆ ನೋಡೋಣ ಬಾ" ಅಂದೆ. (ಕೆಮಿಸ್ಟ್ರಿ ಗೊತ್ತಿಲ್ಲದವರಿಗೆ ಧೈರ್ಯ ಜಾಸ್ತಿ.)

ಸೀಸೆ ನೋಡಿದೆವು. ಪುಡಿ ಬೆಳ್ಳಗೇ ಇತ್ತು. ಆದರೆ ಅಲ್ಲಲ್ಲಿ ಸಣ್ಣ ಗಂಟು. "ಇದು ಮೊದಲೂ ಹೀಗೇ ಇತ್ತಾ?" ಅಂತ ಕೇಳಿದೆ. "ರಜೆ ಮುಗಿಸಿ ಬಂದಾಗಿನಿಂದ ಇದೆ. ಮಳೆ ಅಲ್ವಾ, ಸ್ವಲ್ಪ ಗಂಟು ಕಟ್ಟಿದೆ ಅಂದ್ಕೊಂಡು ಕುಟ್ಟಿ ಹಾಕ್ದೆ" ಅಂದಳು. ಅಂದವಳೇ ನಾಲಿಗೆ ಕಚ್ಚಿಕೊಂಡಳು. ಮಳೆ ಅಲ್ವಾ ಅಂತ ಯಾರು ಬೇಕಾದರೂ ಹೇಳಬಹುದು, ಆಕೆ ಹೇಳಬಹುದಾ? ಆಮೇಲೆ ಮುಚ್ಚಳವನ್ನು ತಿರುಗಿಸಿ ಕಿಟಕಿಯ ಬೆಳಕಿಗೆ ಹಿಡಿದಳು. ಹಿಡಿದ ಕೈ ಅಲ್ಲೇ ನಿಂತಿತು.

ಮುಚ್ಚಳದ ಒಳಗೆ, ತಿರುಪಿನ ಗೆರೆಯಲ್ಲಿ, ಕೆಂಪು. ಕುಂಕುಮ!

ಮುಚ್ಚಳದ ಮೇಲೆ ಕುಂಕುಮವಿದ್ದರೆ ಅದು ಆಯುಧಪೂಜೆಯದು ಅನ್ನಬಹುದು. ನಮ್ಮ ಕಾಲೇಜಿನಲ್ಲಿ ಆಯುಧಪೂಜೆ ಅಂದರೆ ಸಣ್ಣ ಸಂಗತಿಯಲ್ಲ. ಗಾಜಿನ ಪಿಪೆಟ್ಟಿನಿಂದ ಹಿಡಿದು ಪ್ರಿನ್ಸಿಪಾಲರ ಕಾರಿನವರೆಗೆ ಎಲ್ಲಕ್ಕೂ ಅರಿಶಿನ, ಕುಂಕುಮ, ಸೇವಂತಿಗೆ. ನಾನು ಕನ್ನಡದವಳಾದರೂ ಪ್ರತಿವರ್ಷ ಕೆಮಿಸ್ಟ್ರಿ ಲ್ಯಾಬಿಗೇ ಹೋಗುತ್ತೇನೆ, ಅಲ್ಲಿ ಕಡ್ಲೆಪುರಿಯ ಜೊತೆ ಸಿಹಿಬೂಂದಿಯನ್ನೂ ಕೊಡುತ್ತಾರೆ. ಆದರೆ ಕುಂಕುಮ ಮುಚ್ಚಳದ *ಒಳಗೆ* ಹೇಗೆ ಹೋಯಿತು? ಅಂದರೆ ಯಾರೋ ಸೀಸೆ ತೆರೆದಿದ್ದಾರೆ. ಒದ್ದೆ ಕೈಯಲ್ಲಿ.

ಸವಿತಾ ಅಂದು ಕುದಿದುಹೋದಳು. ಸಿಟ್ಟು ಯಾರ ಮೇಲೆ ತಿರುಗಿತು? ನೀವೇ ಊಹಿಸಿ. ಲ್ಯಾಬಿನಲ್ಲಿ ಪೂಜೆ ಮಾಡುವವನು ಯಾರು? ಬೀಗದ ಕೈ ಇರುವುದು ಯಾರ ಹತ್ತಿರ? ಪ್ರಾಕ್ಟಿಕಲ್‌ಗೆ ಬಂದ ಹುಡುಗರೆಲ್ಲ ನೋಡುತ್ತಿದ್ದ ಹಾಗೆಯೇ ನಂಜಪ್ಪನನ್ನು ಕರೆದು, "ನಿಮ್ಮ ಭಕ್ತಿಯಿಂದ ನನ್ನ ಜೀವನವೇ ಹಾಳಾಯ್ತಲ್ರೀ!" ಅಂದಳು.

"ನಮ್ಮವ್ವನಾಣೆ ಮೇಡಂ, ನಾನು ಆ ಸೀಸೆ ಮುಟ್ಟಿಲ್ಲ. ಆ ಡಬ್ಬದ್ ಮ್ಯಾಲ್ಗಡೆ ಒಂದ್ ಬೊಟ್ಟು ಇಟ್ಟಿದ್ದು ನಿಜ. ಒಳಕ್ಕೆ ಕೈ ಆಕಿಲ್ಲ" ಅಂದ ನಂಜಪ್ಪ.

"ಮತ್ತೆ ಚಾಮುಂಡೇಶ್ವರಿನೇ ಬಂದು ತೆಗೆದ್ಲಾ?"

ನಂಜಪ್ಪ ಅಂದು ಸಂಜೆ ಸ್ಟಾಫ್‌ರೂಮಿಗೆ ಚಹಾ ತಂದಿಟ್ಟು, ತನ್ನ ಲೋಟ ಮುಟ್ಟದೆ ಮನೆಗೆ ಹೋದ. ಸತ್ಯ ಹೇಳುತ್ತೇನೆ, ನಾನೂ ಆತನೇ ಮಾಡಿರಬೇಕು ಅಂದುಕೊಂಡಿದ್ದೆ.

ಈಗ ಮದ್ದೂರಿನ ಭಾನುವಾರದ ಊಟಕ್ಕೆ ಬನ್ನಿ. ಸವಿತಾ ಮಂಕಾಗಿದ್ದಾಳೆ, ಸ್ವಲ್ಪ ಮಾತಾಡಿಸಿ ಬರೋಣ ಅಂತ ನಾನು ಹೋಗಿದ್ದು. ಮುದ್ದೆ, ಬಸ್ಸಾರು ಮುಗಿದು ಮೊಸರನ್ನಕ್ಕೆ ಬಂದಿದ್ದೆವು. ಒದ್ದೆ ಚಮಚದ ರಾದ್ಧಾಂತವೂ ಮುಗಿದಿತ್ತು. ಚಿಕ್ಕತಾಯಮ್ಮ ಸೆರಗಿನಿಂದ ಚಮಚವನ್ನು ತಿಕ್ಕಿ ತಿಕ್ಕಿ ಒರೆಸಿ, ತಾವೇ ಉಪ್ಪಿನಕಾಯಿ ಬಡಿಸಿ, ಸೊಸೆಯ ಕಡೆ ತಿರುಗಿದರು.

"ಯಾಕವ್ವ ಮಕ ಇಂಗ್ ಮಾಡ್ಕಂಡಿದ್ದೀಯೆ? ನಿನ್ ಕೆಲ್ಸ ಆಗೇ ಆಯ್ತದೆ ಸುಮ್ಕಿರು. ಎಲ್ರೂ ಮ್ಯಾಲ್ ಮ್ಯಾಲೆ ಪೂಜೆ ಮಾಡಿದ್ರು. ನಾನು ನಿನ್ ಸೀಸೆಗೆ ಇಸೇಸವಾಗಿ ಮಾಡಿವ್ನಿ."

ಸವಿತಾ ತಲೆಯೆತ್ತಿದಳು. ನಾನೂ ಎತ್ತಿದೆ.

"ಇಸೇಸ ಅಂದ್ರೆ?" ಅಂದೆ.

ಚಿಕ್ಕತಾಯಮ್ಮ ಹೆಮ್ಮೆಯಿಂದ ಹೇಳಿದರು. ರಜೆಗೆ ಮೊದಲು ಕಾಲೇಜಿನಲ್ಲಿ ನಡೆದ ಆಯುಧಪೂಜೆಯ ದಿನ ಸೊಸೆಯ ಲ್ಯಾಬು ನೋಡಬೇಕು ಅಂತ ಮೊಮ್ಮಗಳನ್ನು ಕರೆದುಕೊಂಡು ಬಂದಿದ್ದರು, ನಾನೇ ನೋಡಿದ್ದೆ. "ಯಾವ್ದವ್ವ ನಿನ್ ಸೀಸೆ?" ಅಂತ ಕೇಳಿದ್ದಕ್ಕೆ ಸವಿತಾ ಡೆಸಿಕೇಟರಿನ ಕಡೆ ಬೆರಳು ತೋರಿಸಿ, "ನನ್ನ ಡಿಗ್ರಿಯೆಲ್ಲ ಅದ್ರೊಳಗೇ ಇದೆ ಅತ್ತೆ" ಅಂದಿದ್ದಳಂತೆ. ಆಮೇಲೆ ಅಂಗಳದಲ್ಲಿ ಕಾಲೇಜು ಬಸ್ಸಿಗೆ ಬೂದುಗುಂಬಳ ಒಡೆಯುವುದಕ್ಕೆ ಎಲ್ಲರೂ ಹೊರಗೆ ಓಡಿದೆವು, ನಂಜಪ್ಪನೂ ಸೇರಿ. ಚಿಕ್ಕತಾಯಮ್ಮ ಓಡಲಿಲ್ಲ.

"ಕಾರ್‌ಗೆ ಪೂಜೆ ಮಾಡ್ವಾಗ ಬಾನೆಟ್ ಎತ್ತಾಕಿಲ್ವಾ? ಬೀರುಗೆ ಪೂಜೆ ಮಾಡ್ವಾಗ ಬಾಗ್ಲು ತಗ್ಯಾಕಿಲ್ವಾ? ಮುಚ್ಚಿರೋದ್ಕೆ ಪೂಜೆ ಮಾಡಿದ್ರೆ ಅದು ಒಳೀಕ್ ಓಯ್ತದಾ? ಅದ್ಕೇ ಮುಚ್ಚ್ಳ ತಗ್ದು ಕುಂಕ್ಮ ಇಟ್ಟೆ. ನಮ್ಮೂರ ದ್ಯಾವ್ರ ತೀರ್ತ ತಂದಿದ್ದೆ, ಊವಲ್ಲಿ ಅದ್ದಿ ನಾಕ್ ಅನಿ ಚಿಮಿಕ್ಸಿ, ಮಂಗ್ಳಾರ್ತಿ ಆಗೋಗಂಟ ತಗ್ದೇ ಇಟ್ಟು, ಆಮ್ಯಾಕೆ ಎಲ್ಲಿತ್ತೋ ಅಲ್ಲೇ ಮಡಗ್ದೆ. ನೋಡ್ತಿರು, ಡಾಕ್ಟ್ರು ಆಗೇ ಆಯ್ತೀಯೆ."

ನಾನು ಒಮ್ಮೆ ಉಪ್ಪಿನಕಾಯಿ ಜಾಡಿ ನೋಡಿದೆ, ಒಮ್ಮೆ ಚಿಕ್ಕತಾಯಮ್ಮನನ್ನು ನೋಡಿದೆ. ಈಗಷ್ಟೇ ಒಂದು ಒದ್ದೆ ಚಮಚಕ್ಕೆ ನನ್ನ ಮಾನ ಕಳೆದ ಹೆಂಗಸು! ಅದೇ ಕೈ! ನನಗೆ ನಗು ಬರಬೇಕಿತ್ತು. ಬರಲಿಲ್ಲ. ಈಗ ಏನು ಹೇಳುತ್ತಾಳೆ ಸವಿತಾ? ನಂಜಪ್ಪನಿಗೆ ಹೇಳಿದ್ದನ್ನೇ ಅತ್ತೆಗೂ ಹೇಳುತ್ತಾಳಾ? ಅಥವಾ ನುಂಗಿಕೊಂಡು ಸುಮ್ಮನಿರುತ್ತಾಳಾ?

ಸವಿತಾ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಮೆಲ್ಲಗೆ, "ಅತ್ತೆ, ಆ ಪುಡಿಗೆ ನೀರು ತಾಕಬಾರದು" ಅಂದಳು.

"ಯಾಕೆ?"

"ತಾಕಿದ್ರೆ ಕೆಟ್ಟೋಗುತ್ತೆ."

ಚಿಕ್ಕತಾಯಮ್ಮ ಸೊಸೆಯ ಮುಖ ನೋಡಿದರು. ಆಮೇಲೆ ಅವರ ಕಣ್ಣು ತಾವೇ ಕಿತ್ತುಕೊಂಡು ಪಕ್ಕದಲ್ಲಿಟ್ಟಿದ್ದ ಜಾಡಿಯ ಮೇಲೆ ಹೋಯಿತು.

"ಉಪ್ಪಿನ್ಕಾಯಂಗಾ?"

"ಹ್ಞೂಂ ಅತ್ತೆ."

ಅವರ ಕೈ ಬಾಯಿಗೆ ಹೋಯಿತು. "ಅಯ್ಯೋ ಶಿವ್ನೆ! ನಾನೇ ಕೆಡಿಸ್ಬುಟ್ನಾ? ನನ್ ಕೈಯಾರೆ ಕೆಡಿಸ್ಬುಟ್ನಾ?" ಅಂತ ಹಣೆ ಚಚ್ಚಿಕೊಂಡರು. ಒಳಗೆ ಆಡುತ್ತಿದ್ದ ಮೊಮ್ಮಗಳು ಬೆದರಿ ಓಡಿ ಬಂದಳು. ಸವಿತಾ ಎಂಜಲು ಕೈಯಲ್ಲೇ ಅತ್ತೆಯ ಕೈ ಹಿಡಿದುಕೊಂಡಳು. ಆಕೆಯೂ ಅಳುತ್ತಿದ್ದಳು. ನಾನು ಏನು ಮಾಡಬೇಕೋ ತೋಚದೆ ನೀರಿನ ಲೋಟ ಮುಂದೆ ತಳ್ಳಿದೆ. ಯಾರೂ ಮುಟ್ಟಲಿಲ್ಲ.

ಅಷ್ಟಕ್ಕೇ ನಿಂತಿದ್ದರೆ ನಾನು ಈ ಅಂಕಣ ಬರೆಯುತ್ತಿರಲಿಲ್ಲವೇನೋ. ಕಣ್ಣೊರೆಸಿಕೊಂಡ ಚಿಕ್ಕತಾಯಮ್ಮ ಇದ್ದಕ್ಕಿದ್ದ ಹಾಗೆ ಸೊಸೆಯ ಕೈ ಕೊಡವಿದರು. ಮುಖ ಕೆಂಪಾಗಿತ್ತು.

"ಇಷ್ಟ್ ವರ್ಸದಿಂದ ಕೇಳ್ತಾ ಇವ್ನಿ, ಅದೇನ್ ಮಾಡ್ತೀಯವ್ವ ಅಲ್ಲಿ ಅಂತ. ಕೇಳ್ದಾಗೆಲ್ಲ ಏನಂದೆ? 'ನಿಮ್ಗೆ ಗೊತ್ತಾಗಲ್ಲ ಬುಡಿ ಅತ್ತೆ.' ಇದೇ ತಾನೆ ಅಂದಿದ್ದು? ನಿನ್ ಗಂಡ್ನೂ ಅದ್ನೇ ಅಂದ. ನೀರ್ ತಾಕ್ಬಾರ್ದು ಅಂದ್ರೆ ನಂಗ್ ಗೊತ್ತಾಗಾಕಿಲ್ವಾ? ಅದೊಂದ್ ಮಾತ್ ಯೋಳಿದ್ರೆ ನಾನು ಆ ಡಬ್ಬದ್ ತಾವ್ಕೆ ಓಯ್ತಿದ್ನಾ? ಓಗೋರ್ನೂ ಬುಡ್ತಿರ್ಲಿಲ್ಲ!"

ನನಗೆ ಕಪಾಳಕ್ಕೆ ಹೊಡೆದ ಹಾಗಾಯಿತು, ಅದೂ ಸವಿತಾಳ ಪಾಲಿನ ಏಟು. ಯೋಚಿಸಿ ನೋಡಿ. ಆಕೆ ಆ ಪುಡಿಯ ಬಗ್ಗೆ ನನಗೆ ಹೇಳಿದ್ದಳು. ಏಡಿ, ಕೊಂಡಿ, ಕಬ್ಬಿನ ಸಿಪ್ಪೆ, ಎಲ್ಲ ಬಿಡಿಸಿ ಬಿಡಿಸಿ ಹೇಳಿದ್ದಳು. ನನಗೇನು ಕೆಮಿಸ್ಟ್ರಿ ಬರುತ್ತದಾ? ಎಸ್ಸೆಸ್ಸೆಲ್ಸಿಯಲ್ಲಿ ವಿಜ್ಞಾನಕ್ಕೆ ಬಂದ ಅಂಕವನ್ನು ನಾನು ಇವತ್ತಿಗೂ ಯಾರಿಗೂ ಹೇಳಿಲ್ಲ. ಆದರೂ ನನಗೆ ಅರ್ಥವಾಗುತ್ತದೆ ಅಂತ ಆಕೆಗೆ ಅನ್ನಿಸಿತು. ಏಕೆ? ನಾನು ಸ್ಟಾಫ್‌ರೂಮಿನ ಕುರ್ಚಿಯಲ್ಲಿ ಕೂತಿದ್ದೆ. ಅತ್ತೆ ಅಡುಗೆಮನೆಯಲ್ಲಿದ್ದರು.

ಇದು ಸವಿತಾಳೊಬ್ಬಳ ಕತೆಯಾ? ನನ್ನ ಮಗ ಲ್ಯಾಪ್‌ಟಾಪ್ ಮುಂದೆ ಕೂತು ಏನೋ ಮಾಡುತ್ತಿರುತ್ತಾನೆ. ಏನೋ ಅದು ಅಂದರೆ "ನಿಂಗೆ ಗೊತ್ತಾಗಲ್ಲಮ್ಮ" ಅನ್ನುತ್ತಾನೆ. ನಾನು ಉರಿದುಬೀಳುತ್ತೇನೆ. ಆಮೇಲೆ ಒಳಗೆ ಹೋಗಿ, ಫೋನಿನಲ್ಲಿ ನಮ್ಮಮ್ಮ "ಸೆಮಿನಾರ್ ಅಂದ್ರೆ ಏನೇ?" ಅಂತ ಕೇಳಿದರೆ "ಅದೆಲ್ಲ ನಿಂಗ್ಯಾಕಮ್ಮ?" ಅನ್ನುತ್ತೇನೆ. ನಾಚಿಕೆಯಾಗಬೇಡವಾ ನನಗೆ?

ಮಾರನೆಯ ದಿನ ಸವಿತಾ ಬೆಳಿಗ್ಗೆ ಬೇಗ ಬಂದಳು. ಲ್ಯಾಬ್ ಗುಡಿಸುತ್ತಿದ್ದ ನಂಜಪ್ಪನ ಮುಂದೆ ನಿಂತು, ನಡೆದದ್ದನ್ನೆಲ್ಲ ಹೇಳಿ, "ತಪ್ಪಾಯ್ತು ನಂಜಪ್ಪ, ಕ್ಷಮಿಸಿ" ಅಂದಳು. ನಾನು ಜೊತೆಗಿದ್ದೆ. ಆತ ಪೊರಕೆಯನ್ನು ಗೋಡೆಗೆ ಒರಗಿಸಿದ.

"ಬೈದಿದ್ದು ಉಡುಗ್ರ ಮುಂದೆ ಮೇಡಂ. ಸಾರಿ ಕೇಳ್ತಿರೋದು ಯಾರೂ ಇಲ್ದಾಗ" ಅಂದ.

ಎಂಥ ಮಾತು! ನಾನು ಗೋಡೆಯ ಕಡೆ ನೋಡಿದೆ. ಸವಿತಾಳ ಮುಖ ಬಿಳಿಚಿಕೊಂಡಿತು. ಆದರೆ ಹೇಳಲೇಬೇಕು, ಅದೇ ಮಧ್ಯಾಹ್ನ ಪ್ರಾಕ್ಟಿಕಲ್ ಕ್ಲಾಸಿನಲ್ಲಿ ಅದೇ ಹುಡುಗರ ಮುಂದೆ ನಂಜಪ್ಪನನ್ನು ಕರೆದು ಕ್ಷಮೆ ಕೇಳಿದಳು. ಆತ "ಆಯ್ತು ಬುಡಿ, ಬುಡಿ" ಅನ್ನುತ್ತಾ ಹೊರಗೆ ಹೋದವನು ಡೆಸಿಕೇಟರಿನ ಹರಳುಗಳನ್ನು ಹುರಿಯುವುದಕ್ಕೆ ಓವನ್ ಹಚ್ಚಿದ.

ಹೊಸ ಪುಡಿ ತರಿಸಲು ಸಮಯವಿರಲಿಲ್ಲ. ಸವಿತಾಳ ಗೈಡು ತಮ್ಮ ಹಳೆಯ ಸ್ನೇಹಿತರ ಲ್ಯಾಬಿನಲ್ಲಿ ಕೇಳಿ, ಮಿಕ್ಕಿದ್ದ ಒಂದಿಷ್ಟನ್ನು ಕೊಡಿಸಿದರು. ಆಕೆ ಅದನ್ನು ಮಡಿಲಲ್ಲಿಟ್ಟುಕೊಂಡು ತಂದಳು. ಈ ಸಲ ಅತ್ತೆಗೆ ಎಲ್ಲ ಗೊತ್ತು. ದಿನಾ ಬೆಳಿಗ್ಗೆ ಸೊಸೆ ರೈಲಿಗೆ ಹೊರಟರೆ ಬಾಗಿಲಲ್ಲಿ ನಿಂತು, "ಕೈ ಒರಸ್ಕಂಡು ಮುಟ್ಟವ್ವ!" ಅಂತ ಬೀದಿಗೆಲ್ಲ ಕೇಳುವ ಹಾಗೆ ಕೂಗುತ್ತಾರಂತೆ. ಬೀದಿಯವರು ಏನಂದುಕೊಂಡಿದ್ದಾರೋ ದೇವರಿಗೇ ಗೊತ್ತು.

ಹೋದ ವಾರ ಬಂಗಾಳಕೊಲ್ಲಿಯ ಪುಣ್ಯದಿಂದ ಮಂಡ್ಯದಲ್ಲಿ ಜಿಟಿಜಿಟಿ ಮಳೆ. ಆ ಮಳೆಯಲ್ಲೇ ಚಿಕ್ಕತಾಯಮ್ಮ ಬಸ್ಸು ಹತ್ತಿ ಬಂದರು. ಇವತ್ತು ನೀಲಿ ನೀರಿಗೆ ಸಿಪ್ಪೆ ಹಾಕುವ ದಿನ ಅಂತ ಸೊಸೆ ಹೇಳಿದ್ದಳಂತೆ. ಹೌದು, ಹೇಳಿದ್ದಳು! ನಾನೂ ಕ್ಲಾಸು ಮುಗಿಸಿ ಓಡಿ ಹೋದೆ. ಮೇಜಿನ ಮೇಲೆ ಬೀಕರು. ಸವಿತಾ ಅದರ ಮುಂದೆ ಕೂತಿದ್ದಾಳೆ. ನಂಜಪ್ಪ ಹಿಂದೆ ನಿಂತಿದ್ದಾನೆ. ಬೆಳಿಗ್ಗೆ ಕಡುನೀಲಿಯಾಗಿದ್ದ ನೀರು ಈಗ ಎಳನೀರಿನಷ್ಟು ತಿಳಿ. ತಳದ ಸಿಪ್ಪೆಯೇ ನೀಲಿ!

"ಇನ್ನೂ ಅಳತೆ ಮಾಡ್ಬೇಕು, ಈಗಲೇ ಏನೂ ಹೇಳಕ್ಕಾಗಲ್ಲ" ಅಂದ ಸವಿತಾಳ ಬಾಯಿ ಕಿವಿಯವರೆಗೆ ಹೋಗಿತ್ತು.

ಚಿಕ್ಕತಾಯಮ್ಮ ಎಲ್ಲಿ ಅಂತ ತಿರುಗಿ ನೋಡಿದರೆ, ಬಾಗಿಲ ಹೊರಗೆ ನಿಂತಿದ್ದಾರೆ. ಹೊಸಿಲಿನ ಆಚೆಯಿಂದಲೇ ಕತ್ತು ಉದ್ದ ಮಾಡಿ ನೋಡುತ್ತಿದ್ದಾರೆ. ಸೀರೆಯಿಂದ ನೀರು ತೊಟ್ಟಿಕ್ಕುತ್ತಿದೆ.

"ಒಳಗೆ ಬನ್ನಿ ಅತ್ತೆ" ಅಂದಳು ಸವಿತಾ.

"ಬ್ಯಾಡ ಕಣವ್ವ. ನಾನು ಒದ್ದೆ."

"ಈಗ ನೀರು ತಾಕಿದ್ರೆ ಏನೂ ಆಗಲ್ಲ. ಅದು ಆಗಲೇ ನೀರಲ್ಲೇ ಇದೆ. ಬನ್ನಿ."

"ಏನೋಪ್ಪ! ಇಲ್ಲಿಂದ್ಲೇ ಚೆನ್ನಾಗ್ ಕಾಣ್ತದೆ, ನೀನ್ ಮಾಡು."

ಎಷ್ಟು ಕರೆದರೂ ಬರಲಿಲ್ಲ. ಕೊನೆಗೆ ಸವಿತಾ ಬೀಕರನ್ನೇ ಎತ್ತಿಕೊಂಡು ಬಾಗಿಲಿಗೆ ಹೋಗಿ ತೋರಿಸಿದಳು. ಅವರು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಗ್ಗಿ ನೋಡಿದರು. ಮುಟ್ಟಲಿಲ್ಲ.

ಅಂದು ಅವರನ್ನು ಬಾಗಿಲ ಹೊರಗೆ ನಿಲ್ಲಿಸಿದ್ದು ಮಳೆ, ಸರಿ. ಇಷ್ಟು ವರ್ಷ ನಿಲ್ಲಿಸಿದ್ದು ಯಾರು?